ಸವೆತ, ಬಳಲಿಕೆ, ಮುಪ್ಪು: ಪಂದ್ಯದ ಟೈರುಗಳ ವಿಷಯದಲ್ಲಿ ಒಂದು ಶಬ್ದಾರ್ಥವಿಮರ್ಶೆ

೧

ಹೊಸ ಶಾಸ್ತ್ರವೊಂದು ಭಾಷೆಗೆ ಬರುವಾಗ ಪದಾರ್ಥಗಳಿಗಿಂತ ಮೊದಲು ಪದಗಳು ಬರುವುವು. ಪದಗಳು ಸಂಕರವಾದರೆ ಅರ್ಥಗಳೂ ಸಂಕರವಾಗುವುವು. ಅನಂತರ ಅವುಗಳನ್ನು ಬೇರ್ಪಡಿಸುವುದು ಬಹಳ ಪ್ರಯಾಸದ ಕೆಲಸ. ಮೋಟಾರು ಪಂದ್ಯಗಳ ವಿಚಾರವಾಗಿ ಕನ್ನಡದಲ್ಲಿ ನಡೆಯುವ ಮಾತುಕತೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವೊಂದು ದೊರೆಯುವುದು. ಪಂದ್ಯದ ಕಾರು ಪಥದಲ್ಲಿ ಹಲವು ಸುತ್ತು ಓಡಿದ ಬಳಿಕ ಅದರ ಟೈರು ನೆಲವನ್ನು ಮೊದಲಿನಂತೆ ಹಿಡಿಯದೆ ಹೋದರೆ, ‘ಟೈರು ಸವೆದಿದೆ’ ಎಂದು ಹೇಳಿಬಿಡುವುದು ಸುಲಭ. ರಬ್ಬರು ಉಜ್ಜಿ ತೆಳುವಾದರೂ ಸವೆತ. ಕಾವು ಮಿತಿಮೀರಿ ಹಿಡಿತ ತಪ್ಪಿದರೂ ಸವೆತ. ಹಲವು ಸಲ ಕಾದು ಹಲವು ಸಲ ಆರಿ ಬಿರುಸಾದರೂ ಸವೆತ. ಇಂಗ್ಲಿಷಿನ ವೃತ್ತಿಭಾಷೆಯಾದರೋ ರಬ್ಬರು ಕಳೆಯುವುದಕ್ಕೆ ‘ವೇರ್’ ಎಂದೂ, ಹಿಡಿತ ಕುಂದುವುದಕ್ಕೆ ‘ಡಿಗ್ರೆಡೇಷನ್’ ಎಂದೂ, ಕಾದು ಆರುವ ಒಂದೊಂದು ಆವರ್ತಕ್ಕೆ ‘ಹೀಟ್ ಸೈಕಲ್’ ಎಂದೂ ಬೇರೆ ಬೇರೆ ಸಂಜ್ಞೆಗಳನ್ನು ಇಟ್ಟುಕೊಂಡಿದೆ. ಕನ್ನಡದಲ್ಲಿ ಈ ಎಲ್ಲಕ್ಕೂ ಒಂದೇ ಧಾತುವನ್ನು ದುಡಿಸುವುದು ಸಾಧುವೇ ಎಂಬುದು ಇಲ್ಲಿಯ ಜಿಜ್ಞಾಸೆ.

ಇದು ಬರಿಯ ಶಬ್ದವಿನೋದವಲ್ಲ. ಗಂಟೆಗೆ ಇನ್ನೂರು ಮುನ್ನೂರು ಕಿಲೋಮೀಟರು ವೇಗದಲ್ಲಿ ಓಡುವ ಮನುಷ್ಯನನ್ನು ನೆಲಕ್ಕೆ ಕಟ್ಟಿರುವುದು ನಾಲ್ಕು ತುಂಡು ರಬ್ಬರು ಮಾತ್ರ. ಆ ರಬ್ಬರಿಗೆ ಒದಗಿರುವ ದೋಷ ಯಾವುದೆಂದು ತಪ್ಪಾಗಿ ಹೆಸರಿಸಿದರೆ ಪರಿಹಾರವೂ ತಪ್ಪಾಗುವುದು.

೨

ಪೂರ್ವಪಕ್ಷವು ಹೀಗಿರಬಹುದು: ‘ಸವೆದ ಕೆರ ಜಾರುತ್ತದೆ. ಸವೆದ ಮೆಟ್ಟಿಲು ಜಾರುತ್ತದೆ. ಗೀರುಗಳು ಅಳಿದ ಟೈರು ಮಳೆಯಲ್ಲಿ ಜಾರುತ್ತದೆ. ಎಲ್ಲೆಲ್ಲಿ ಸವೆತವೋ ಅಲ್ಲಲ್ಲಿ ಜಾರಿಕೆ ಎಂಬ ವ್ಯಾಪ್ತಿಯು ಲೋಕಸಿದ್ಧವಾಗಿರುವಲ್ಲಿ ಒಂದಕ್ಕೆ ಮೂರು ಪದಗಳನ್ನು ಕಲ್ಪಿಸುವ ಗೌರವದೋಷವೇಕೆ?’

ಈ ವ್ಯಾಪ್ತಿಯು ನಿಲ್ಲುವುದಿಲ್ಲ. ಮೊದಲನೆಯದಾಗಿ, ಹೆದ್ದಾರಿಯ ಟೈರಿನ ಗೀರುಗಳಿಗೆ ಮುಖ್ಯ ಪ್ರಯೋಜನ ನೀರನ್ನು ಹೊರಕ್ಕೆ ಹಾಯಿಸುವುದು. ಐರೋಪ್ಯ ರಾಷ್ಟ್ರಗಳು ಕಾರಿನ ಟೈರಿನ ಗೀರು ೧.೬ ಮಿಲಿಮೀಟರಿಗಿಂತ ಕಡಮೆ ಆಳವಾಗಿರಬಾರದೆಂದು ವಿಧಿಸಿರುವುದು ಇದಕ್ಕಾಗಿಯೇ. ಒಣನೆಲದಲ್ಲಿ ನಡೆಯುವ ಪಂದ್ಯಗಳ ಟೈರಿಗೆ ಗೀರೇ ಇರುವುದಿಲ್ಲ; ಅದು ಹುಟ್ಟಿನಿಂದಲೇ ನುಣುಪು. ಫಾರ್ಮುಲಾ ಒನ್ ಪಂದ್ಯಗಳಲ್ಲಿ ೧೯೯೮ರಿಂದ ೨೦೦೮ರ ವರೆಗೆ ಗೀರುಳ್ಳ ಟೈರುಗಳನ್ನು ಕಡ್ಡಾಯ ಮಾಡಿದ್ದರು. ಕಾರಣವೇನು? ತಿರುವುಗಳಲ್ಲಿ ಕಾರುಗಳ ವೇಗವನ್ನು ತಗ್ಗಿಸುವುದಕ್ಕಾಗಿ, ಎಂದರೆ ಹಿಡಿತವನ್ನು ಕಡಮೆ ಮಾಡುವುದಕ್ಕಾಗಿ! ೨೦೦೯ರಲ್ಲಿ ನುಣುಪಿನ ಟೈರುಗಳು ಮರಳಿ ಬಂದುವು. ‘ನುಣುಪಾದುದು ಜಾರುವುದು’ ಎಂಬ ಲೋಕಪ್ರತೀತಿ ಕಣ್ಣಿನ ನುಣುಪನ್ನು ನೋಡಿ ಹೇಳಿದ ಮಾತೇ ಹೊರತು ರಬ್ಬರಿನ ಸ್ವಭಾವವನ್ನು ನೋಡಿ ಹೇಳಿದುದಲ್ಲ.

ಎರಡನೆಯದಾಗಿ, ಸವೆತವಿದ್ದೂ ಹಿಡಿತ ಉಳಿದಿರುವ ಸ್ಥಲ. ೨೦೨೧ನೆಯ ಅಕ್ಟೋಬರ್ ೧೦ರಂದು ಇಸ್ತಾಂಬುಲಿನಲ್ಲಿ ನಡೆದ ಟರ್ಕಿ ಗ್ರ್ಯಾನ್ ಪ್ರಿಯಲ್ಲಿ ಪಥವು ಆದ್ಯಂತವೂ ತೇವವಾಗಿತ್ತು. ಬಹುಮಟ್ಟಿಗೆ ಎಲ್ಲರೂ ಹದವಾದ ಗೀರುಗಳುಳ್ಳ ‘ಇಂಟರ್ಮೀಡಿಯೆಟ್’ ಟೈರುಗಳಲ್ಲಿ ಓಡುತ್ತಿದ್ದರು. ಸುತ್ತು ಹೆಚ್ಚಿದಂತೆ ಗೀರುಗಳು ಅಳಿದು ಆ ಟೈರುಗಳು ಬಹುಮಟ್ಟಿಗೆ ನುಣುಪಾದುವು. ಆದರೂ ಓಟ ಸಾಗಿತು. ಲೂಯಿಸ್ ಹ್ಯಾಮಿಲ್ಟನ್ನರು ೫೦ನೆಯ ಸುತ್ತಿನಲ್ಲಿ ಹಳೆಯವನ್ನು ಕಳಚಿಸಿ ಹೊಸವನ್ನು ಹಾಕಿಸಿಕೊಂಡರು. ಹೊಸ ಟೈರಿನ ಮೇಲ್ಮೈ ಹರಿದು ಸಿಂಬೆಗಟ್ಟಿ ಹಿಡಿತ ಕೊಡದೆ ಹೋಯಿತು. ಅವರಿಗೆ ಐದನೆಯ ಸ್ಥಾನ ದೊರೆಯಿತು. ಎಸ್ತೆಬಾನ್ ಒಕಾನ್‌ರು ೫೮ ಸುತ್ತುಗಳನ್ನೂ ಒಂದೇ ಜೋಡಣೆಯ ಟೈರುಗಳಲ್ಲಿ ಓಡಿ ಹತ್ತನೆಯವರಾದರು. ೧೯೯೭ರ ಮೊನಾಕೊ ಪಂದ್ಯದಲ್ಲಿ ಮಿಕಾ ಸಾಲೊರು ಹಾಗೆ ನಿಲ್ಲದೆ ಓಡಿದ ಬಳಿಕ ಅಂತಹ ಓಟ ಇದೇ ಮೊದಲು. ಒಕಾನ್‌ರ ಟೈರುಗಳೂ ಕೊನೆಯ ಸುತ್ತುಗಳಲ್ಲಿ ಬಹಳ ಸೋತುವೆಂಬುದು ನಿಜವೇ. ಆದರೆ ಸವೆತವೇ ಹಿಡಿತದ ಹಾನಿಯಾಗಿದ್ದರೆ ಹೊಸ ಟೈರು ಸೋತು ಹಳೆಯದು ಬಹುಕಾಲ ಬಾಳಿದುದಕ್ಕೆ ಉಪಪತ್ತಿಯೇ ಇಲ್ಲ.

ಮೂರನೆಯದಾಗಿ, ಸವೆತವಿಲ್ಲದೆಯೂ ಹಿಡಿತ ಹೋಗಿರುವ ಸ್ಥಲ. ಹವ್ಯಾಸಿಗಳ ಪಂದ್ಯಗಳಲ್ಲಿ, ಇತರರು ಕೆಲವು ಸಲ ಬಳಸಿ ಬಿಟ್ಟ ಟೈರುಗಳನ್ನು ಕಡಮೆ ಬೆಲೆಗೆ ಕೊಳ್ಳುವ ವಾಡಿಕೆಯುಂಟು. ಅಂತಹ ಟೈರಿನಲ್ಲಿ ರಬ್ಬರಿನ ದಪ್ಪ ಮುಕ್ಕಾಲು ಪಾಲು ಉಳಿದಿರಬಹುದು. ಕೊಂಡವನು ಅದನ್ನು ನೋಡಿ ‘ಇನ್ನೂ ಸವೆದಿಲ್ಲ’ ಎಂದು ನಂಬುವನು. ತಿರುವಿನಲ್ಲಿ ಅದು ಮರದ ಚಕ್ರದಂತೆ ಜಾರುವಾಗ ಅವನ ನಂಬಿಕೆಗೆ ಆಧಾರವಾಗಿದ್ದ ಪದವೇ ಅವನನ್ನು ವಂಚಿಸಿದಂತಾಯಿತು.

ಅಗ್ನಿಯಿದ್ದಲ್ಲೆಲ್ಲ ಧೂಮವಿರುವುದೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ವ್ಯಭಿಚಾರ. ಅಲ್ಲಿ ಹಸಿಯ ಸೌದೆಯೇ ಉಪಾಧಿಯೆಂದು ತಾರ್ಕಿಕರು ತೋರಿಸಿರುವರು. ಇಲ್ಲಿಯೂ ಹಾಗೆಯೇ. ಸವೆತಕ್ಕೂ ಜಾರಿಕೆಗೂ ಲೋಕದಲ್ಲಿ ಕಾಣುವ ಸಾಹಚರ್ಯ ಸೋಪಾಧಿಕವಾದುದು. ರಬ್ಬರಿನ ಆಗಿನ ಸ್ಥಿತಿ, ಎಂದರೆ ಅದರ ಕಾವು ಮತ್ತು ಮೆದುತನ, ಇಲ್ಲಿಯ ಉಪಾಧಿ.

೩

ಹಾಗಾದರೆ ಹಿಡಿತವೆಂಬುದೇನು? ಫ್ರಾನ್ಸಿನ ಅಮೊಂತಾನ್ ೧೬೯೯ರಲ್ಲಿಯೂ ಕೂಲಂಬ್ ಮುಂದಿನ ಶತಮಾನದಲ್ಲಿಯೂ ಘರ್ಷಣೆಯ ನಿಯಮಗಳನ್ನು ಹೇಳಿದರು: ಘರ್ಷಣೆಯು ಭಾರಕ್ಕೆ ಅನುಗುಣವಾಗಿರುವುದು, ಮೇಲುನೋಟದ ಸ್ಪರ್ಶಕ್ಷೇತ್ರವನ್ನು ಅವಲಂಬಿಸುವುದಿಲ್ಲ. ಮರ, ಲೋಹಗಳಲ್ಲಿ ಇದು ಬಹುಮಟ್ಟಿಗೆ ಸರಿ. ರಬ್ಬರಿನಲ್ಲಿ ಸರಿಯಲ್ಲ. ಒತ್ತಡ ಹೆಚ್ಚಿದಂತೆ ರಬ್ಬರಿನ ಘರ್ಷಣಾಂಕ ಇಳಿಯುವುದು. ಆದುದರಿಂದ ಅದೇ ಭಾರವನ್ನು ಅಗಲವಾದ ಟೈರಿನ ಮೇಲೆ ಹರಡಿದರೆ ಹಿಡಿತ ಹೆಚ್ಚುವುದು. ರಬ್ಬರಿನ ಘರ್ಷಣೆಯು ಉಷ್ಣತೆಯನ್ನೂ ವೇಗವನ್ನೂ ಅನುಸರಿಸಿ ಬದಲಾಗುವ ಕ್ರಮವನ್ನು ೧೯೬೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಗ್ರೋಶ್ ಎಂಬ ವಿದ್ವಾಂಸರು ಪ್ರಯೋಗಗಳಿಂದ ನಿರೂಪಿಸಿದರು. ಅದರಲ್ಲಿ ಎರಡು ವ್ಯಾಪಾರಗಳು ಕೂಡಿವೆ. ಒಂದು ಅಂಟಿಕೆ: ರಬ್ಬರು ನೆಲಕ್ಕೆ ಅತಿನಿಕಟವಾಗಿ ತಾಗಿದಲ್ಲಿ ಉಂಟಾಗುವ ಬಂಧ. ಇನ್ನೊಂದು ರೂಪವಿಕಾರ: ನೆಲದ ಉಬ್ಬುತಗ್ಗುಗಳ ಮೇಲೆ ಹಾಯುವಾಗ ರಬ್ಬರು ತಗ್ಗಿ ಮತ್ತೆ ಏಳುವುದು.

ಈ ಎರಡನೆಯದರಲ್ಲಿ ಪಂಡಿತರ ಗಮನಕ್ಕೆ ಅರ್ಹವಾದ ಸಂಗತಿಯೊಂದಿದೆ. ಬಗ್ಗಿಸಿ ಬಿಟ್ಟ ಚಾಪೆ ತನ್ನ ಮೊದಲಿನ ಸ್ಥಿತಿಗೆ ಬರಲು ಕಾರಣವಾದ ಗುಣವನ್ನು ವೈಶೇಷಿಕರು ಸ್ಥಿತಿಸ್ಥಾಪಕವೆಂಬ ಸಂಸ್ಕಾರವೆಂದರು. ಇಂದಿನ ಕನ್ನಡ ಪಾಠಪುಸ್ತಕಗಳು ಅಲ್ಲಿಂದಲೇ ‘ಸ್ಥಿತಿಸ್ಥಾಪಕತೆ’ ಎಂಬ ಪದವನ್ನು ತೆಗೆದುಕೊಂಡಿವೆ. ರಬ್ಬರೆಂದೊಡನೆ ಸ್ಥಿತಿಸ್ಥಾಪಕತೆ ನೆನಪಿಗೆ ಬರುವುದರಿಂದ ಹಿಡಿತವೂ ಅದರ ಫಲವೆಂದು ಭ್ರಮೆಯಾಗುವುದು ಸಹಜ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ತಗ್ಗಿದ ರಬ್ಬರು ಕೂಡಲೆ ಪೂರ್ತಿಯಾಗಿ ಎದ್ದರೆ, ಉಬ್ಬಿನ ಮುಂದಣ ಮಗ್ಗುಲನ್ನು ಅದು ಎಷ್ಟು ತಳ್ಳುವುದೋ ಹಿಂದಣ ಮಗ್ಗುಲನ್ನೂ ಅಷ್ಟೇ ತಳ್ಳುವುದು. ಎರಡೂ ಪರಸ್ಪರ ಕಳೆದುಹೋಗುವುವು. ಅದು ತಡವಾಗಿ ಏಳುವುದರಿಂದಲೇ ಒಂದು ಕಡೆಯ ತಳ್ಳಿಕೆ ಮಿಗುವುದು. ಆ ಮಿಗತೆಯೇ ಹಿಡಿತದ ಒಂದಂಶ. ಆದುದರಿಂದ ಈ ಅಂಶವು ಸ್ಥಿತಿಸ್ಥಾಪಕತೆಯ ಕೊರತೆಯಿಂದ ಹುಟ್ಟಿದುದು. ಮರಳಿ ಬಾರದ ಶಕ್ತಿ ಎಲ್ಲಿ ಹೋಯಿತು? ಕಾವಾಗಿ ರಬ್ಬರಿನಲ್ಲಿಯೇ ನಿಂತಿತು. ಹಿಡಿತವನ್ನು ಕೊಡುವ ವ್ಯಾಪಾರವೇ ಕಾವನ್ನೂ ಹುಟ್ಟಿಸುವುದು. ಆ ಕಾವೇ ಮುಂದೆ ಹಿಡಿತಕ್ಕೆ ಶತ್ರುವಾಗುವುದು. ಪಂದ್ಯದ ಟೈರಿನ ಕಥೆಯೆಲ್ಲ ಈ ಒಂದು ಸೂತ್ರದ ಭಾಷ್ಯ.

೪

ಈಗ ಮೂರು ಅವಸ್ಥೆಗಳನ್ನೂ ಬೇರೆ ಬೇರೆಯಾಗಿ ವಿಚಾರಿಸಬಹುದು.

ಸವೆತವೆಂದರೆ ದ್ರವ್ಯದ ನಷ್ಟ. ನುಣುಪಿನ ಟೈರಿನ ಮೈಮೇಲೆ ಅಲ್ಲಲ್ಲಿ ಇಟ್ಟಿರುವ ಸಣ್ಣ ಕುಳಿಗಳ ಆಳವನ್ನು ಅಳೆದರೆ ಇದು ತಿಳಿಯುವುದು. ಸವೆತದಿಂದ ಒದಗುವ ದೊಡ್ಡ ಅಪಾಯವು ಹಿಡಿತ ಹೋಗುವುದರಲ್ಲಿಲ್ಲ; ಒಳಗಿನ ನೂಲಿನ ಒಡಲಿಗೆ ಹೊರಗಿನ ಹೊದಿಕೆ ತೆಳುವಾಗುವುದರಲ್ಲಿದೆ. ೨೦೨೦ರ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ, ಅಪಘಾತವೊಂದರ ಕಾರಣ ಸೇಫ್ಟಿ ಕಾರ್ ಬೇಗನೆ ಹೊರಟುದರಿಂದ ಬಹುಮಂದಿ ಆಗಲೇ ಟೈರು ಬದಲಾಯಿಸಿಕೊಂಡು, ಅವುಗಳಿಂದ ಸುಮಾರು ೪೦ ಸುತ್ತು ಓಡಬೇಕಾಯಿತು. ಕೊನೆಯ ಮೂರು ಸುತ್ತುಗಳಲ್ಲಿ ಬೊಟ್ಟಾಸ್, ಸೈಂಜ್, ಹ್ಯಾಮಿಲ್ಟನ್ ಈ ಮೂವರ ಎಡ ಮುಂಗಾಲಿಯ ಟೈರುಗಳು ಒಡೆದುವು. ಹ್ಯಾಮಿಲ್ಟನ್ನರು ಮೂರು ಗಾಲಿಗಳ ಬಲದಿಂದಲೇ ಗುರಿಮುಟ್ಟಿ ಗೆದ್ದರು. ಟೈರು ಒದಗಿಸಿದ ಪಿರೆಲ್ಲಿ ಸಂಸ್ಥೆಯವರು ಹೇಳಿದ ಕಾರಣವೂ ಇದೇ: ದೀರ್ಘಕಾಲದ ಬಳಕೆಯಿಂದ ಹೆಚ್ಚು ಸವೆದ ಟೈರು ಅತಿಶಯವಾದ ಒತ್ತಡಗಳಿಂದ ತನ್ನನ್ನು ರಕ್ಷಿಸಿಕೊಳ್ಳಲಾರದೆ ಹೋಯಿತು. ಓಡುವಷ್ಟು ಹಿಡಿತ ಉಳಿದಿತ್ತು; ಒಡಲು ಉಳಿಯಲಿಲ್ಲ. ಹಿಡಿತವೊಂದನ್ನೇ ನೋಡುತ್ತ ಸವೆತವನ್ನು ಊಹಿಸುವವನಿಗೆ ಇದು ಮುನ್ಸೂಚನೆಯಿಲ್ಲದ ಆಘಾತ.

ಸವೆತವು ಹಿಡಿತವನ್ನು ಮರಳಿ ತರುವ ಸಂದರ್ಭವೂ ಉಂಟು. ಸಾಲದಷ್ಟು ಕಾವಿರುವ ಟೈರು ಅಡ್ಡಡ್ಡಲಾಗಿ ಜಾರಿದಾಗ ಅದರ ಮೇಲ್ಮೈ ಹರಿದು ಸಣ್ಣ ಸಣ್ಣ ಸಿಂಬೆಗಳಾಗಿ ಅಲ್ಲಿಯೇ ಅಂಟಿಕೊಳ್ಳುವುದು. ಇದಕ್ಕೆ ‘ಗ್ರೇನಿಂಗ್’ ಎಂದು ಹೆಸರು. ಆಗ ಟೈರು ನೆಲವನ್ನು ಬಿಟ್ಟು ಆ ಸಿಂಬೆಗಳ ಮೇಲೆ ಉರುಳುವುದು. ಕೆಲವು ಸುತ್ತು ಜಾಗರೂಕತೆಯಿಂದ ಓಡಿಸಿದರೆ ಆ ಪದರ ಸವೆದುಹೋಗಿ ಕೆಳಗಿನ ಸ್ವಚ್ಛವಾದ ರಬ್ಬರು ನೆಲಕ್ಕೆ ತಾಗುವುದು, ಹಿಡಿತ ಮರಳುವುದು. ಸವೆತವನ್ನು ಹಿಡಿತನಾಶಕ್ಕೆ ಪರ್ಯಾಯವಾಗಿ ಬಳಸುವವರು ಈ ಸ್ಥಲದಲ್ಲಿ ವಾಕ್ಯವನ್ನೇ ರಚಿಸಲಾರರು.

ಬಳಲಿಕೆಯೆಂದರೆ ಕಾವು ಹದ ಮೀರಿದುದರಿಂದ ತಾತ್ಕಾಲಿಕವಾಗಿ ಹಿಡಿತ ಕುಂದುವುದು. ಪ್ರತಿಯೊಂದು ಬಗೆಯ ರಬ್ಬರಿಗೂ ಒಂದು ಹದವುಂಟು. ಫಾರ್ಮುಲಾ ಒನ್‌ನ ನುಣುಪಿನ ಟೈರುಗಳಲ್ಲಿ ಅದು ಸುಮಾರು ೧೦೦ ಡಿಗ್ರಿ ಸೆಲ್ಸಿಯಸಿನ ಆಸುಪಾಸಿನದು. ಅದಕ್ಕಿಂತ ಬಹಳ ತಣ್ಣಗಿದ್ದರೆ ರಬ್ಬರು ನೆಲದ ಏರುತಗ್ಗುಗಳಿಗೆ ಹೊಂದಿಕೊಳ್ಳದು. ಬಹಳ ಕಾದರೆ ತನ್ನ ಬಿಗಿಯನ್ನು ಕಳೆದುಕೊಂಡು ನೆಲದ ಮೇಲೆ ಸರಿಯುವುದು. ಸರಿದಷ್ಟೂ ಇನ್ನಷ್ಟು ಕಾಯುವುದು. ಚಾಲಕನು ಒಂದೆರಡು ಸುತ್ತು ವೇಗ ತಗ್ಗಿಸಿ, ತಿರುವುಗಳಲ್ಲಿ ಮೃದುವಾಗಿ ನಡೆಸಿದರೆ ಟೈರು ಚೇತರಿಸಿಕೊಳ್ಳುವುದುಂಟು. ೨೦೧೦ರ ಕೆನಡಾ ಪಂದ್ಯದಲ್ಲಿ ಟೈರುಗಳು ಬೇಗನೆ ಸೋತು ಪಂದ್ಯವು ಸ್ವಾರಸ್ಯವಾದುದನ್ನು ನೋಡಿ, ೨೦೧೧ರಿಂದ ಟೈರು ಒದಗಿಸಲು ಬಂದ ಪಿರೆಲ್ಲಿಯವರಿಂದ ಬೇಗ ಸೋಲುವ ಟೈರುಗಳನ್ನೇ ಬಯಸಿ ಮಾಡಿಸಿದರು. ವೇಗವಾಗಿ ಓಡಿಸುವ ಕೌಶಲದೊಡನೆ ಬಳಲಿಸದೆ ಓಡಿಸುವ ಕೌಶಲವೂ ಹೀಗೆ ಪಂದ್ಯದ ಅಂಗವಾಯಿತು.

ಮುಪ್ಪು ಇವೆರಡರಿಂದಲೂ ಬೇರೆ. ಕಚ್ಚಾ ರಬ್ಬರಿಗೆ ಗಂಧಕವನ್ನು ಸೇರಿಸಿ ಕಾಯಿಸಿದರೆ ಅದರ ನೀಳವಾದ ಅಣುಸರಗಳ ನಡುವೆ ಗಂಧಕದ ಸೇತುವೆಗಳು ಕಟ್ಟಿಕೊಂಡು ಬಲ ಬರುವುದು. ಇದಕ್ಕಾಗಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರರು ೧೮೪೪ರಲ್ಲಿ ಹಕ್ಕುಪತ್ರ ಪಡೆದರು. ಪಂದ್ಯದ ಕಾವು ಈ ಪಾಕವನ್ನು ಮತ್ತೆ ಸ್ವಲ್ಪ ಸ್ವಲ್ಪವಾಗಿ ಮುಂದುವರಿಸುವುದು. ಕಾದು ಆರಿದಂತೆಲ್ಲ ಹೊಸ ಸೇತುವೆಗಳು ಕಟ್ಟಿಕೊಳ್ಳುವುವು. ಮೆದುತನಕ್ಕಾಗಿ ಬೆರೆಸಿದ ಎಣ್ಣೆಗಳು ಹೊರಸೂಸಿ ಕಳೆಯುವುವು. ಗಾಳಿಯ ಆಮ್ಲಜನಕವೂ ತನ್ನ ಕೆಲಸ ಮಾಡುವುದು. ರಬ್ಬರು ಬಿರುಸಾಗುವುದು. ಮಡಕೆಯಲ್ಲಿ ಪಾಕದಿಂದ ಗುಣಾಂತರ ಹುಟ್ಟುವುದು ಪರಮಾಣುಗಳಲ್ಲೆಂದು ವೈಶೇಷಿಕರೂ, ಇಡಿಯ ಅವಯವಿಯಲ್ಲೆಂದು ನೈಯಾಯಿಕರೂ ವಾದಿಸಿದುದು ಪ್ರಸಿದ್ಧ. ಪ್ರಾಚೀನರಿಗೆ ಈ ಟೈರಿನ ಶಾಸ್ತ್ರ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ಆದರೆ ‘ಪಾಕಜ’ವೆಂಬ ವಿಭಾಗ ಮಾತ್ರ ಇಲ್ಲಿ ಉಪಯುಕ್ತ: ದ್ರವ್ಯ ಕಡಮೆಯಾಗದೆಯೇ ಗುಣ ಬದಲಾಗಬಹುದೆಂಬುದನ್ನು ಅದು ಬುದ್ಧಿಗೆ ಹತ್ತಿಸುವುದು. ಹೊಸ ಟೈರನ್ನು ಮೊದಲು ಮೆಲ್ಲಗೆ ಕಾಯಿಸಿ, ಬಳಿಕ ಒಂದು ದಿನ ಆರಲು ಬಿಡುವ ಪದ್ಧತಿಯೂ ಕೆಲವೆಡೆ ಉಂಟು. ಹಾಗೆ ಮಾಡಿದರೆ ಅದು ಹೆಚ್ಚು ಕಾಲ ಸಮನಾಗಿ ನಡೆಯುವುದೆಂದು ಎಣಿಕೆ. ಮೊದಲ ಪಾಕ ಹದವನ್ನು ಕೊಡುವುದು. ಮೇಲಣ ಪಾಕಗಳು ಮುಪ್ಪನ್ನು ತರುವುವು. ಈ ಮುಪ್ಪಿಗೆ ವಿಶ್ರಾಂತಿಯಿಂದ ಪರಿಹಾರವಿಲ್ಲ.

೫

‘ಬಳಲಿಕೆ, ಮುಪ್ಪು ಎಂಬುವು ಚೇತನಧರ್ಮಗಳು, ಜಡವಾದ ಟೈರಿಗೆ ಅವನ್ನು ಹೇಳುವುದು ಹೇಗೆ?’ ಎಂದು ಶಂಕೆ ಬರಬಹುದು. ಇವು ಲಾಕ್ಷಣಿಕಪ್ರಯೋಗಗಳೆಂಬುದು ದಿಟ; ಆದರೆ ಪ್ರಯೋಜನವುಳ್ಳ ಲಕ್ಷಣೆಗಳು. ಬಳಲಿದವನು ಬಿಡುವು ದೊರೆತರೆ ಚೇತರಿಸಿಕೊಳ್ಳುವನು, ಮುದುಕನು ಮರಳಿ ಯುವಕನಾಗಲಾರನು ಎಂಬ ಭೇದವನ್ನು ಕನ್ನಡಿಗರಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಟೈರಿನಲ್ಲಿ ಬೇಕಾದ ಭೇದವೂ ಅದೇ. ಅಪಕರ್ಷ, ಜರಠತೆ ಮೊದಲಾದ ಸಂಸ್ಕೃತಪದಗಳನ್ನು ಇಲ್ಲಿ ಕಲ್ಪಿಸುವುದು ಕಷ್ಟವಲ್ಲ. ಆದರೆ ತಾವಾಗಿಯೇ ಅರ್ಥಸ್ಫುರಣೆ ಮಾಡುವ ದೇಶ್ಯಪದಗಳಿರುವಾಗ ವ್ಯಾಖ್ಯಾನವನ್ನು ಬೇಡುವ ಪದಗಳನ್ನು ತರುವುದು ಪಾಂಡಿತ್ಯಪ್ರದರ್ಶನವೇ ಸರಿ.

ಲಕ್ಷಣೆಯಂತೆಯೇ ದೃಷ್ಟಾಂತವನ್ನೂ ಪರೀಕ್ಷಿಸಿ ಬಳಸಬೇಕು. ತೇಯ್ದಷ್ಟೂ ಪರಿಮಳ ಕೊಡುವ ಗಂಧದ ಕೊರಡು ಇಲ್ಲಿ ಯಾರಿಗಾದರೂ ಹೊಳೆಯಬಹುದಾದ ದೃಷ್ಟಾಂತ. ತನ್ನನ್ನು ಕಳೆದುಕೊಂಡು ಕೊಡುವುದು ಎಂಬಷ್ಟರಲ್ಲಿ ಸಾಮ್ಯವಿದೆ. ಆದರೆ ಕೊರಡಿನ ಕೊನೆಯ ತುಣುಕಿಗೂ ಮೊದಲಿನ ಪರಿಮಳವೇ ಇರುವುದು. ಟೈರಾದರೋ ಇನ್ನೂ ದಪ್ಪವಾಗಿರುವಾಗಲೇ ಸತ್ವಗೆಟ್ಟಿರಬಹುದು. ಕೊರಡಿನ ದೃಷ್ಟಾಂತವನ್ನು ನಂಬಿದವನು ಮತ್ತೆ ದಪ್ಪವನ್ನೇ ನೋಡಿ ಮೋಸಹೋಗುವನು. ರಮ್ಯವಾದ ಉಪಮೆಯು ಶಾಸ್ತ್ರದಲ್ಲಿ ಕೆಲವೊಮ್ಮೆ ಅಪಶಬ್ದಕ್ಕಿಂತಲೂ ಹೆಚ್ಚು ಹಾನಿ ಮಾಡುವುದೆಂಬುದಕ್ಕೆ ಇದೊಂದು ಸಾಕ್ಷಿ.

ಮೂರು ಪದಗಳನ್ನು ಸ್ವೀಕರಿಸಿದರೆ ಗೌರವದೋಷ ಬರುವುದೆಂಬ ಆಕ್ಷೇಪಕ್ಕೆ ಪಂದ್ಯದ ಕೆಲಸಗಾರರ ಪೆಟ್ಟಿಗೆಯೇ ಉತ್ತರ ಹೇಳುವುದು. ಸವೆತವನ್ನು ತಿಳಿಯಲು ಅವರು ಆಳದ ಅಳತೆಗೋಲನ್ನು ತೆಗೆಯುವರು. ಬಳಲಿಕೆಯನ್ನು ತಿಳಿಯಲು ರಬ್ಬರಿಗೆ ಉಷ್ಣಮಾಪಕವನ್ನು ಚುಚ್ಚುವರು. ಮುಪ್ಪನ್ನು ತಿಳಿಯಲು ಬಿರುಸನ್ನು ಅಳೆಯುವ ಡ್ಯೂರೋಮೀಟರನ್ನು ಒತ್ತುವರು. ಒಂದು ಉಪಕರಣ ಹೇಳುವುದನ್ನು ಇನ್ನೊಂದು ಹೇಳದು. ಪ್ರಮಾಣವು ಮೂರು ಬಗೆಯಾಗಿರುವಲ್ಲಿ ಪ್ರಮೇಯವೂ ಮೂರೆಂದು ಒಪ್ಪಬೇಕು. ಪ್ರಮೇಯ ಮೂರಾದ ಮೇಲೆ ಹೆಸರು ಒಂದೇ ಸಾಕೆನ್ನುವುದು ಲಾಘವವಲ್ಲ, ಅಲಕ್ಷ್ಯ.