ಅಡಿಕೆ ಸುಲಿದದ್ದೂ ಅರ್ಜಿಗೆ ಬರುತ್ತದೆಯೆ?

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ಪದವಿ ತರಗತಿಗೆ ಸೇರಬಯಸುವವರು ತುಂಬುವ 'ಕಾಮನ್ ಆ್ಯಪ್' ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬೇಗ ಉತ್ತರ ಬೇಕೆನ್ನುವವರಿಗೆ ನವೆಂಬರ್ 1 ಗಡುವು. ಉಳಿದವರಿಗೆ ಹೆಚ್ಚಿನ ಕಡೆ ಜನವರಿಯ ಮೊದಲ ವಾರ. ಚನ್ನಗಿರಿ ತಾಲ್ಲೂಕಿಗೆ ಇದೇ ಅಡಿಕೆ ಸುಗ್ಗಿ. ಸೂಳೆಕೆರೆ ಸೀಮೆಯ ಕೆರೆಬಿಳಚಿಯಂಥ ಊರಿನಲ್ಲಿ ಕಾಲೇಜು ಮುಗಿಸಿ ಬಂದ ಹುಡುಗರೂ ಖೇಣಿದಾರನ ಶೆಡ್ಡಿನಲ್ಲೋ ಮನೆಯ ಪಡಸಾಲೆಯಲ್ಲೋ ಕತ್ತಿಯ ಮುಂದೆ ಕೂರುವ ಕಾಲ. ಹಸಿ ಅಡಿಕೆಯ ಚೊಗರು ಹತ್ತಿ ಬೆರಳು ಕಪ್ಪಾಗಿರುತ್ತದೆ. ಸೋಪು ಹಾಕಿ ತಿಕ್ಕಿದರೂ ಬಿಡದು.

ಅರ್ಜಿಯಲ್ಲಿ ಪಾಠದಾಚೆಯ ಚಟುವಟಿಕೆ ಬರೆಯಲು ಹತ್ತು ಸಾಲುಗಳಿವೆ. ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ಚರ್ಚಾಸ್ಪರ್ಧೆ, ಸಂಗೀತ, ಸಂಶೋಧನೆಗಳ ಜೊತೆ ಅದೇ ಪಟ್ಟಿಯಲ್ಲಿ 'ಕುಟುಂಬದ ಜವಾಬ್ದಾರಿ', 'ಸಂಬಳದ ಕೆಲಸ' ಎಂಬ ವಿಭಾಗಗಳೂ ಇವೆ. ಸುಲಿದ ಅಡಿಕೆಗೆ ಅಲ್ಲಿ ಹಕ್ಕಿನ ಜಾಗವಿದೆ ಎಂದಾಯಿತು. ಇದನ್ನು ನಮ್ಮ ಹುಡುಗರಿಗೆ ಹೇಳುವವರಿಲ್ಲ. ನಗರದ ಸಲಹೆಗಾರರ ಕೈಗೆ ಸಿಕ್ಕರೆ ಅಡಿಕೆ ಮರೆಯಾಗಿ, ಎರಡು ತಿಂಗಳ ಆಯುಷ್ಯದ ಒಂದು ಸೇವಾಸಂಸ್ಥೆ ಆ ಸಾಲಿನಲ್ಲಿ ಹುಟ್ಟಿಕೊಳ್ಳುತ್ತದೆ.

ಪ್ರಬಂಧದ ಮಾತು ಬೇರೆ. ಗರಿಷ್ಠ 650 ಪದಗಳಲ್ಲಿ ನೀನು ಯಾರು ಎಂದು ಹೇಳು ಎನ್ನುತ್ತದೆ ಅರ್ಜಿ. ನಮ್ಮಲ್ಲಿ ಹತ್ತನೇ ತರಗತಿಯ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಅಡಿಗೆರೆ ಎಳೆದು ಬರೆದವರಿಗೆ ಪೂರ್ಣ ಅಂಕ. ಆ ಪ್ರಬಂಧದಲ್ಲಿ 'ನಾನು' ಎಂದರೆ ಅಪಚಾರ. ಹಾಗೆ ಬರೆದು ಗೆದ್ದವರಿಗೇ ಈ 650 ಪದ ಹೆಚ್ಚು ಕಷ್ಟ ಕೊಡುತ್ತದೆ. ಸಾಹಿತ್ಯ ಪ್ರಕಾರವಾಗಿ ನನಗೆ ಇದರ ಮೇಲೆ ಮೆಚ್ಚುಗೆಯೇ ಇದೆ: ಹದಿನೇಳರ ಹುಡುಗಿಯೊಬ್ಬಳಿಗೆ ನಿನ್ನ ಬದುಕು ಬರೆಯಲು ಯೋಗ್ಯ ಎಂದು ಹೇಳುವ ಪರೀಕ್ಷೆ ನಮ್ಮಲ್ಲಿ ಒಂದೂ ಇಲ್ಲ. ಆದರೆ ಸೀಟು ಹಂಚುವ ತಕ್ಕಡಿಯಾಗಿ ಅದನ್ನು ನಂಬಲಾರೆ.

ಈ ತಕ್ಕಡಿಯ ಹುಟ್ಟೇ ಅನುಮಾನದ್ದು. ಹಿಂದೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲೂ ಸೀಟು ಬಹುಮಟ್ಟಿಗೆ ಪ್ರವೇಶ ಪರೀಕ್ಷೆಯ ಮೇಲೆ ನಿಂತಿತ್ತು. ಪಾಸಾಗುವವರಲ್ಲಿ ವಲಸೆ ಬಂದ ಯಹೂದಿಗಳ ಮಕ್ಕಳು ಹೆಚ್ಚಿದರು. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೋವೆಲ್ ಯಹೂದಿಗಳ ಸಂಖ್ಯೆಗೆ ಮಿತಿ ಹಾಕಹೊರಟು ವಿರೋಧ ಎದುರಿಸಿದರು. ನೇರ ದಾರಿ ಮುಚ್ಚಿದ ಮೇಲೆ 'ಶೀಲ', 'ವ್ಯಕ್ತಿತ್ವ' ಅಳೆಯುವ ಶಿಫಾರಸು ಪತ್ರ, ಸಂದರ್ಶನ, ಫೋಟೊಗಳು ಅರ್ಜಿಯೊಳಗೆ ಬಂದವು. ಜೆರೋಮ್ ಕ್ಯಾರಬೆಲ್ 2005ರ 'ದಿ ಚೋಸನ್' ಕೃತಿಯಲ್ಲಿ ಈ ಕತೆಯನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ. ಮುಂದೆ ಇದೇ ಉಪಕರಣ ಕರಿಯರಿಗೆ, ಬಡವರಿಗೆ ಬಾಗಿಲು ತೆರೆಯಲೂ ಬಳಕೆಯಾಯಿತು, ನಿಜ. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡುವುದನ್ನು ತಡೆಯಿತು. ಜನಾಂಗದಿಂದ ಬದುಕಿನ ಮೇಲಾದ ಪರಿಣಾಮವನ್ನು ಪ್ರಬಂಧದಲ್ಲಿ ಹೇಳಿಕೊಳ್ಳಬಹುದು ಎಂದೂ ಅಂದಿತು. ಕಷ್ಟವನ್ನು ಚೆನ್ನಾಗಿ ಹೇಳಬಲ್ಲವರಿಗೆ ಬೆಲೆ ಇನ್ನಷ್ಟು ಏರಿತು.

ನಮ್ಮ ಸಿಇಟಿಯನ್ನು ಬೈಯುವುದು ಸುಲಭ. ಆದರೂ ಅದರಲ್ಲೊಂದು ಮರ್ಯಾದೆಯಿದೆ. ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಇದ್ದರೆ ಮುಗಿಯಿತು. ಬಸ್ಸು ತಪ್ಪಿದ್ದು, ಕರೆಂಟು ಹೋದದ್ದು ಯಾವುದನ್ನೂ ಮನಕರಗುವಂತೆ ವರ್ಣಿಸಬೇಕಿಲ್ಲ. ಹಳ್ಳಿಯವರಾಗಿದ್ದರೆ ಸಾಕು, ಹಳ್ಳಿಯನ್ನು ಮಾರಬೇಕಾಗಿಲ್ಲ.

ಇನ್ನು ಶಿಫಾರಸು ಪತ್ರ. ನಮ್ಮ ಪಿಯು ಕಾಲೇಜುಗಳಿಗೆ ಗೊತ್ತಿರುವುದು ನಡತೆ ಪ್ರಮಾಣಪತ್ರ. ಎಲ್ಲರ ನಡತೆಯೂ 'ಉತ್ತಮ'. ತುಂಬಿದ ತರಗತಿಗೆ ಪಾಠ ಮಾಡುವ ಉಪನ್ಯಾಸಕರು ಒಬ್ಬ ಹುಡುಗನ ಕುತೂಹಲದ ಬಗ್ಗೆ ಒಂದು ಪುಟ ಬರೆಯಲಿ ಎಂದರೆ, 'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ' ಎಂಬ ಉತ್ತರ ಬರುತ್ತದೆ. ಆ ಪತ್ರದ ಸುಳ್ಳಿಗೆ ಹೊಣೆ ಹುಡುಗನೂ ಅಲ್ಲ, ಮೇಷ್ಟ್ರೂ ಅಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ಹೊರಗಿನ ಭಯಕ್ಕೂ ಒಳಗಿನ ವಾಸ್ತವಕ್ಕೂ ತಾಳೆಯಿಲ್ಲ. ವರ್ಷದ ಖರ್ಚು 80 ಸಾವಿರ ಡಾಲರ್ ದಾಟುತ್ತದೆ ಎಂದು ಕೇಳಿಯೇ ಕೈಬಿಡುವವರು ಬಹಳ. ಆದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್ಹರ್ಸ್ಟ್‌ನಂಥ ಕೆಲವು ಸಂಸ್ಥೆಗಳು ವಿದೇಶಿಯರನ್ನೂ ಮನೆಯ ಆದಾಯ ನೋಡದೆ ಆರಿಸಿ, ಆಮೇಲೆ ಕೊರತೆಯನ್ನು ತುಂಬಿಕೊಡುತ್ತವೆ. ಒಳಗೆ ಹೋದ ಸಣ್ಣ ರೈತನ ಮಗಳಿಗೆ ಅದು ದಾವಣಗೆರೆಯ ಖಾಸಗಿ ವೈದ್ಯಕೀಯ ಸೀಟಿಗಿಂತ ಅಗ್ಗ. ಉಳಿದ ಬಹುತೇಕ ಕಡೆ ನೆರವು ಕೇಳಿದ್ದೇ ಆಯ್ಕೆಗೆ ತೊಡಕಾಗಬಹುದು. ಅಲ್ಲಿಗೆ ಅರ್ಜಿ ಹಾಕುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ನೆರವಿಗೆ ತುಂಬುವ 'ಸಿಎಸ್‌ಎಸ್ ಪ್ರೊಫೈಲ್' ಜಮೀನಿನ ಬೆಲೆ ಎಷ್ಟು ಎಂದು ಕೇಳುತ್ತದೆ. ಚನ್ನಗಿರಿ ಕಡೆ ಎರಡು ಎಕರೆ ಅಡಿಕೆ ತೋಟ ಕಾಗದದ ಮೇಲೆ ದೊಡ್ಡ ಆಸ್ತಿ. ಬೋರು ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಮರ ಉಳಿಸಿಕೊಂಡ ಸಾಲ ಆ ಅಂಕಿಯಲ್ಲಿ ಕಾಣದು. ವಿಶೇಷ ಸಂದರ್ಭಗಳನ್ನು ಹೇಳಿಕೊಳ್ಳಲು ಅದರಲ್ಲೇ ಬೇರೊಂದು ಜಾಗವಿದೆ. ಅಲ್ಲಿ ವರ್ಣನೆ ಬೇಡ: ಎಷ್ಟು ಟ್ಯಾಂಕರ್, ಎಷ್ಟು ರೂಪಾಯಿ, ಯಾವ ಸೊಸೈಟಿಯಲ್ಲಿ ಎಷ್ಟು ಸಾಲ ಎಂದು ಬರೆದು, ರಸೀದಿ ಇದ್ದರೆ ತೆಗೆದಿಟ್ಟುಕೊಳ್ಳಬೇಕು.