ಎರಡೇ ಮುದ್ರೆಗಳ ಸಿನಿಮಾ

ವೀಸಾ ತೊಂದರೆ ಅಂತ ಮಾತು ಬಂದ ಕೂಡಲೇ ಯಾರಾದರೂ ಒಬ್ಬರು 'ದಿ ಟರ್ಮಿನಲ್' ಸಿನಿಮಾ ನೆನಪಿಸ್ತಾರೆ. 2004ರ ಚಿತ್ರ, ಸ್ಪೀಲ್‌ಬರ್ಗ್ ನಿರ್ದೇಶನ, ಟಾಮ್ ಹ್ಯಾಂಕ್ಸ್ ನಾಯಕ. ವಿಕ್ಟರ್ ನವೋರ್ಸ್ಕಿ ಎಂಬಾತ ನ್ಯೂಯಾರ್ಕ್‌ನಲ್ಲಿ ಇಳಿಯುವಷ್ಟರಲ್ಲಿ ಅವನ ದೇಶದಲ್ಲಿ ಕ್ಷಿಪ್ರಕ್ರಾಂತಿಯಾಗಿ, ಕೈಲಿದ್ದ ಪಾಸ್‌ಪೋರ್ಟ್ ಬರೀ ಪುಸ್ತಕ ಆಗಿರುತ್ತೆ. ಒಳಗೂ ಬಿಡಲ್ಲ, ವಾಪಸ್ಸೂ ಕಳಿಸೋಕಾಗಲ್ಲ. ಟರ್ಮಿನಲ್ಲಿನಲ್ಲೇ ಸಂಸಾರ. ನಾನು ಮೂರು ಸಲ ನೋಡಿದ್ದೀನಿ, ಮೂರು ಸಲವೂ ನಕ್ಕಿದ್ದೀನಿ. ಆದರೆ ಕಾಗದಕ್ಕಾಗಿ ಕಾಯುವವರ ಚಿತ್ರ ಅಂತ ಇದನ್ನೇ ಕಣ್ಣ ಮುಂದೆ ಇಟ್ಟುಕೊಂಡರೆ ನಿಜವಾಗಿ ಕಾಯುತ್ತಿರುವವರು ನಮಗೆ ಕಾಣಿಸೋದೇ ಇಲ್ಲ ಅನ್ನೋದು ನನ್ನ ತಕರಾರು.

ಅದರಲ್ಲೊಂದು ದೃಶ್ಯ ಇದೆ. ವಿಕ್ಟರ್ ದಿನಾ ಫಾರಂ ತುಂಬಿ ಕೌಂಟರಿಗೆ ಕೊಡ್ತಾನೆ, ಅಲ್ಲಿನ ಅಧಿಕಾರಿ ಕೆಂಪು ಮುದ್ರೆ ಒತ್ತಿ ವಾಪಸ್ ಕೊಡ್ತಾಳೆ. ಅವಳ ಹತ್ತಿರ ಕೆಂಪು ಒಂದು, ಹಸಿರು ಒಂದು, ಎರಡೇ ಮುದ್ರೆ ಇರೋದು, ಅಂದಮೇಲೆ ನನಗೆ ಅರ್ಧಕ್ಕರ್ಧ ಅವಕಾಶ ಇದೆ ಅನ್ನೋದು ಅವನ ಲೆಕ್ಕ. ಥಿಯೇಟರಿನಲ್ಲಿ ಎಲ್ಲರೂ ನಗುವ ಜಾಗ. ನನಗೆ ಈಗ ಅಲ್ಲಿ ಹೊಟ್ಟೆ ಉರಿಯುತ್ತೆ. ಅವನಿಗೆ ದಿನಾ ಉತ್ತರ ಸಿಗ್ತಿದೆಯಲ್ಲ ಮಾರಾಯ್ರೆ! ಅದೂ ಮುಖ ನೋಡಿ, ಅದೇ ಕೌಂಟರಿನಲ್ಲಿ.

ನನ್ನ ಗೆಳತಿಯೊಬ್ಬಳು ಹಾಸನದವಳು, ನ್ಯೂಜೆರ್ಸಿಯಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡ್ತಾಳೆ. ಅವಳು ಯಾವ ಟರ್ಮಿನಲ್ಲಿನಲ್ಲೂ ಇಲ್ಲ. ಬೆಳಗ್ಗೆ ಮಗುವನ್ನ ಸ್ಕೂಲಿಗೆ ಬಿಡ್ತಾಳೆ, ಟ್ಯಾಕ್ಸ್ ಕಟ್ಟುತ್ತಾಳೆ, ಮಧ್ಯಾಹ್ನ ಮೀಟಿಂಗಿನಲ್ಲಿ ಮ್ಯೂಟ್ ಹಾಕಿಕೊಂಡು ಉಪ್ಪಿಟ್ಟು ತಿಂತಾಳೆ. ಅವಳ ಐ-94ರಲ್ಲಿ ಬರೆದಿದ್ದ ತಾರೀಖು ದಾಟಿ ತಿಂಗಳುಗಳಾಗಿವೆ. ಇದು ಅಪರಾಧ ಅಲ್ಲ. ಕಂಪನಿ ಆ ತಾರೀಖಿಗೆ ಮುಂಚೆ ಎಕ್ಸ್‌ಟೆನ್ಷನ್ ಅರ್ಜಿ ಹಾಕಿದ್ದರೆ, ತೀರ್ಮಾನ ಬರೋವರೆಗೆ ಅದೇ ಕಂಪನಿಯಲ್ಲಿ 240 ದಿನ ಕೆಲಸ ಮುಂದುವರಿಸಬಹುದು ಅಂತ ನಿಯಮವೇ ಇದೆ. ಕೇಳೋಕೆ ಉದಾರವಾಗಿದೆ.

ಈಗ ಕಾಗದ ನೋಡಿ. ಅರ್ಜಿ ತಲುಪಿದ್ದಕ್ಕೆ ಬರುವ ರಸೀದಿ ಐ-797ಸಿ. ಅದರ ತಲೆಯ ಮೇಲೇ ದೊಡ್ಡಕ್ಷರದಲ್ಲಿ ಅಚ್ಚಾಗಿರುತ್ತೆ: ಈ ನೋಟಿಸು ಯಾವುದೇ ಇಮಿಗ್ರೇಷನ್ ಸ್ಟೇಟಸ್ಸನ್ನಾಗಲಿ ಸೌಲಭ್ಯವನ್ನಾಗಲಿ ಕೊಡುವುದಿಲ್ಲ. ಆ 240 ದಿನ ಎಚ್‌ಆರ್‌ಗೆ ತೋರಿಸೋಕೆ ಇರೋದೂ ಇದೇ ಕಾಗದ. ನನ್ನಿಂದ ಏನೂ ಆಗಲ್ಲ ಅಂತ ತಾನೇ ಹೇಳಿಕೊಳ್ಳೋ ಸಾಕ್ಷಿಯನ್ನ ಹಿಡಿದುಕೊಂಡು ಕೋರ್ಟಿಗೆ ಹೋದ ಹಾಗೆ. ಹಲವು ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸಿನ ತಾರೀಖನ್ನೂ ಐ-94ಕ್ಕೇ ಗಂಟು ಹಾಕಿರ್ತಾರೆ. ಅಲ್ಲಿ ಕೌಂಟರಿನಲ್ಲಿ ಕೂತವರಿಗೆ 240 ದಿನದ ನಿಯಮವನ್ನ ನೀವೇ ಪಾಠ ಮಾಡಬೇಕು.

ಇದೆಲ್ಲ ಬರೀ ಕಿರಿಕಿರಿ, ಸಹಿಸಿಕೊಳ್ಳಬಹುದು. ಸಹಿಸೋಕಾಗದ್ದು ಇನ್ನೊಂದಿದೆ. ಅರ್ಜಿ ತಿರಸ್ಕಾರ ಆಯ್ತು ಅನ್ಕೊಳ್ಳಿ. ಅವತ್ತೇ ಕೆಲಸ ನಿಲ್ಲಿಸಬೇಕು. ಕೆಲಸ ಹೋದವರಿಗೆ 60 ದಿನದ ಗಡುವು ಇರುತ್ತಲ್ಲ ಅಂತ ನಮ್ಮವರು ಸಮಾಧಾನ ಹೇಳ್ತಾರೆ. ಆ ಗಡುವು ಐ-94 ಮುಗಿಯುವವರೆಗೆ ಮಾತ್ರ, ಇವಳದು ಮುಗಿದೇ ಹೋಗಿದೆ. ಅಷ್ಟೇ ಅಲ್ಲ, ಸ್ಟೇಟಸ್ ಹೋದದ್ದು ಇವತ್ತಲ್ಲ, ಐ-94 ಮುಗಿದ ದಿನವೇ ಅಂತ ಲೆಕ್ಕ. ಈ ತಿಂಗಳುಗಳೆಲ್ಲ ಅವಳು ಇದ್ದದ್ದು ಇರಲು ಬಿಟ್ಟ ಅವಧಿಯಲ್ಲೇ ಹೊರತು ಸ್ಟೇಟಸ್ಸಿನಲ್ಲಿ ಅಲ್ಲ. ತಿರಸ್ಕಾರದ ಮರುದಿನದಿಂದ ಅಕ್ರಮ ವಾಸದ ಎಣಿಕೆ ಶುರು. ಅದು 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ ಮೂರು ವರ್ಷ ವಾಪಸ್ ಬರೋ ಹಾಗಿಲ್ಲ. ವರ್ಷ ದಾಟಿದರೆ ಹತ್ತು ವರ್ಷ.

ಸಿನಿಮಾದಲ್ಲಿ ಕಾಯುವಿಕೆಗೆ ಒಂದು ಜಾಗ ಇದೆ, ಗೋಡೆ ಇದೆ, ಡಿಕ್ಸನ್ ಅನ್ನೋ ವಿಲನ್ ಇದ್ದಾನೆ. ಅವನು ಕಾವಲುಗಾರರನ್ನ ಬೇಕಂತಲೇ ಪಕ್ಕಕ್ಕೆ ಸರಿಸಿ, ವಿಕ್ಟರ್ ಹೊರಗೆ ಕಾಲಿಟ್ಟರೆ ಬೇರೆಯವರು ಹಿಡೀಲಿ ಅಂತ ಕಾಯ್ತಾನೆ. ಪ್ರೇಕ್ಷಕರಿಗೆ ಬೈಯೋಕೆ ಒಂದು ಮುಖ ಸಿಕ್ಕಿತು. ನನ್ನ ಗೆಳತಿಗೆ ಬೈಯೋಕೆ ಯಾರೂ ಇಲ್ಲ. ಲಾಯರಿಗೆ ಮೇಲ್ ಹಾಕಿದರೆ ಪೆಂಡಿಂಗ್ ಅಂತ ಉತ್ತರ, ವೆಬ್‌ಸೈಟಿನಲ್ಲೂ ಪೆಂಡಿಂಗ್. ಮೂರನೇ ಮುದ್ರೆ ಅಂದ್ರೆ ಇದು, ಇದನ್ನ ಯಾರೂ ಒತ್ತೋದೇ ಬೇಡ.

ಹಾಸನದಿಂದ ಅವಳ ಅಮ್ಮ ಪ್ರತಿ ಭಾನುವಾರ ಕೇಳ್ತಾರೆ, "ವೀಸಾ ಆಯ್ತೇನೇ?" ನಮ್ಮ ಮಾತಿನಲ್ಲಿ ವೀಸಾ ಅಂದ್ರೆ ಎಲ್ಲಾ ಒಂದೇ. ಅಲ್ಲಿ ಇರೋದಕ್ಕೆ ಒಂದು ಲೆಕ್ಕ, ಕೆಲಸಕ್ಕೆ ಒಂದು, ಹೋಗಿ ಬರೋದಕ್ಕೆ ಇನ್ನೊಂದು. ಪಾಸ್‌ಪೋರ್ಟಿನ ಸ್ಟಾಂಪು ಬರೀ ಬಾಗಿಲು ದಾಟೋದಕ್ಕೆ. ಅದು ಮುಗಿದಿರುವವರು ಊರಿಗೆ ಬಂದರೆ ಮತ್ತೆ ಸ್ಟಾಂಪಿಂಗ್ ಆಗಬೇಕು, ಅದಕ್ಕೆ ಅಪ್ರೂವಲ್ ಬೇಕು, ಅಪ್ರೂವಲ್ ಪೆಂಡಿಂಗ್. ಇರಬಹುದು, ದುಡೀಬಹುದು, ಅಪ್ಪನ ಆಪರೇಷನ್ನಿಗೆ ಬರೋಕಾಗಲ್ಲ. (ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಾಗ ಎಲ್ಲರೂ ಸಂಭ್ರಮಿಸಿದೆವು. ವೀಸಾ ಸೇವೆ ಮಾತ್ರ ಅಲ್ಲಿರಲಿಲ್ಲ, ಅದಕ್ಕೆ ಅದೇ ಚೆನ್ನೈ, ಅದೇ ಹೈದರಾಬಾದ್.)

ದುಡ್ಡು ಕೊಟ್ಟರೆ ಬೇಗ ಆಗುತ್ತೆ, ಅದೂ ನಿಜ. ಕಂಪನಿ ಪ್ರೀಮಿಯಂ ಪ್ರೊಸೆಸಿಂಗಿಗೆ ಒಪ್ಪಿದರೆ 15 ಕೆಲಸದ ದಿನಗಳಲ್ಲಿ ಎಚ್-1ಬಿ ಅರ್ಜಿಗೆ ಏನಾದರೊಂದು ಉತ್ತರ ಬರುತ್ತೆ. 2024ರಲ್ಲಿ ಅದರ ಫೀ 2,805 ಡಾಲರ್ ಆಯಿತು. ಅಂದರೆ ಆ ಹಸಿರು, ಕೆಂಪು ಮುದ್ರೆಯ ಕೌಂಟರು ಇದೆ, ಟಿಕೆಟ್ ಬೇಕು ಅಷ್ಟೇ. ಆದರೆ ಅವಳ ಗಂಡನ ಎಚ್-4 ಅರ್ಜಿಗೂ ಕೆಲಸದ ಪರ್ಮಿಟ್ಟಿಗೂ ಆ ಕೌಂಟರೇ ಇಲ್ಲ.

ಈ ಎಚ್-4 ಕಥೆ ನೋಡಿದರೆ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಗ್ರೀನ್ ಕಾರ್ಡಿನ ಹಾದಿಯಲ್ಲಿ ಒಂದು ಹಂತ ದಾಟಿದವರ ಗಂಡ ಅಥವಾ ಹೆಂಡತಿಗೆ ಕೆಲಸದ ಪರ್ಮಿಟ್ ಸಿಗೋಕೆ ಶುರುವಾದದ್ದು 2015ರಲ್ಲಿ. ರಿನ್ಯೂವಲ್ ತಡವಾಗಿ ಜನ ಮನೆಯಲ್ಲಿ ಕೂತರು, ಕೋರ್ಟಿಗೆ ಹೋದರು. 2021ರ ನವೆಂಬರಿನ ರಾಜಿಯಲ್ಲಿ, ವರ್ಗಾವಣೆ ಮೇಲೆ ಹೋದವರ ಸಂಗಾತಿಗೆ, ಅಂದರೆ ಎಲ್-2ಗೆ, ಪ್ರತ್ಯೇಕ ಪರ್ಮಿಟ್ಟೇ ಬೇಡ ಅಂತಾಯಿತು. ಎಚ್-4ಕ್ಕೆ ಸಿಕ್ಕಿದ್ದು ತಾನಾಗಿ ಮುಂದುವರಿಯುವ 180 ದಿನ, ಆಮೇಲೆ ಅದು 540 ದಿನ ಆಯಿತು. ಪತ್ರಿಕೆಗಳು 540 ಅನ್ನೋ ಅಂಕಿಯನ್ನ ದೊಡ್ಡದಾಗಿ ಹಾಕಿದವು. ಆದರೆ ಒಳಗೊಂದು ಷರತ್ತಿತ್ತು: ಆ 540 ದಿನವಾಗಲಿ, ಐ-94ರ ತಾರೀಖಾಗಲಿ, ಯಾವುದು ಮೊದಲೋ ಅದು. ಎಚ್-4 ಪರ್ಮಿಟ್ಟೂ ಐ-94ಊ ಸಾಮಾನ್ಯವಾಗಿ ಒಂದೇ ದಿನ ಮುಗಿಯುತ್ತವೆ. ಹೊಸ ಐ-94 ಕೈಗೆ ಬಾರದವರಿಗೆ 540 ಅಂದರೆ ಸೊನ್ನೆ. ಇಂಥ ವಾಕ್ಯ ಬರೆಯೋಕೆ ಒಂದು ಪ್ರತಿಭೆ ಬೇಕು ಬಿಡಿ. ಕೊನೆಗೆ 2025ರ ಅಕ್ಟೋಬರ್ 30ರಿಂದ ಹಾಕುವ ರಿನ್ಯೂವಲ್ ಅರ್ಜಿಗಳಿಗೆ ಆ ತಾನಾಗಿ ಮುಂದುವರಿಯುವ ಸೌಲಭ್ಯವನ್ನೇ ತೆಗೆದರು.

ಟಾಮ್ ಹ್ಯಾಂಕ್ಸ್‌ನ ಮೇಲೆ ನನಗೆ ಸಿಟ್ಟಿಲ್ಲ, ಆ ಮನುಷ್ಯ ಚೆನ್ನಾಗೇ ಮಾಡಿದ್ದಾನೆ. ಕೊನೆಗೆ ಕಾವಲುಗಾರರೇ ದಾರಿ ಬಿಡ್ತಾರೆ, ಅವನು ನ್ಯೂಯಾರ್ಕ್ ನೋಡ್ತಾನೆ, ಟ್ಯಾಕ್ಸಿ ಹತ್ತಿ ಊರಿಗೆ ಹೊರಡ್ತಾನೆ. ಒಳ್ಳೆಯತನಕ್ಕೆ ನಿಯಮ ಸೋಲುತ್ತೆ. ನನಗೆ ನೋಡಬೇಕಿರೋ ಸಿನಿಮಾದಲ್ಲಿ ವಿಮಾನ ನಿಲ್ದಾಣ ಇರಲ್ಲ. ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಡೈನಿಂಗ್ ಟೇಬಲ್ ಮೇಲೆ ಎರಡು ಲ್ಯಾಪ್‌ಟಾಪ್. ಒಂದರಲ್ಲಿ ಮೀಟಿಂಗ್ ನಡೀತಿದೆ. ಇನ್ನೊಂದನ್ನ, ಪರ್ಮಿಟ್ ಮುಗಿದ ದಿನ ಸಂಜೆ ಐದಕ್ಕೆ, ಅವಳ ಗಂಡ ಡಬ್ಬಿಗೆ ಹಾಕಿ ಕಂಪನಿಗೆ ವಾಪಸ್ ಕಳಿಸೋಕೆ ಟೇಪ್ ಸುತ್ತುತ್ತಿದ್ದಾನೆ.