ಡಬ್ಬ ಬಿಚ್ಚುವ ಮೊದಲು

ಹಳೆಯ ಕಾರಿನ ಹುಚ್ಚು ಹತ್ತಿದವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಬ್ರೇಕಿನ ಮಾತು ಬರುವುದು ಅದು ಕೈಕೊಟ್ಟ ದಿನ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವೈದ್ಯನಾಗಿರುವ ನನ್ನ ಗೆಳೆಯನಿಗೆ ಆ ದಿನ ಬಂದದ್ದು ಕಳೆದ ಬೇಸಿಗೆಯಲ್ಲಿ, ಪಕ್ಕದ ಸೀಟಿನಲ್ಲಿ ನಾನೇ ಕೂತಿದ್ದಾಗ.

ಕಾರು 1967ರ ಎಂಜಿಬಿ. ಜಾಗ ಡರ್ಬಿಶೈರ್‌ನ ವಿನ್ನಾಟ್ಸ್ ಪಾಸ್, ಸುಣ್ಣಕಲ್ಲಿನ ಎರಡು ಗೋಡೆಗಳ ನಡುವೆ ಕ್ಯಾಸಲ್‌ಟನ್ ಊರಿನತ್ತ ಧುಮುಕುವ ರಸ್ತೆ. ಆಗುಂಬೆಯ ಹಾಗೆ ತಿರುವುಗಳಿಲ್ಲ. ಐದಡಿಗೆ ಒಂದಡಿಗೂ ಮಿಕ್ಕಿದ ಇಳಿಜಾರು. ಅಷ್ಟರಲ್ಲಾಗಲೇ ಅರ್ಧ ಗಂಟೆ ಗುಡ್ಡ ಹತ್ತಿಳಿದು ಬ್ರೇಕ್ ಕಾದಿತ್ತು. ನಡುದಾರಿಯಲ್ಲಿ ಪೆಡಲ್ ಒದ್ದೆ ಸ್ಪಂಜು ತುಳಿದಂತೆ ಒಳಗಿಳಿಯಿತು. ಗೇರ್ ಇಳಿಸಿ, ಪೆಡಲ್ ಪಂಪ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ. ಇಬ್ಬರಿಗೂ ಮಾತು ಹೊರಡಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ನೋಡಿದರೆ ಪೆಡಲ್ ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗಿತ್ತು.

ಮಾರನೆಯ ದಿನ ಗ್ಯಾರೇಜಿನಲ್ಲಿ ಒಂದು ದೊಡ್ಡ ಡಬ್ಬ ತೋರಿಸಿದ. ತೂತು ಕೊರೆದ ಡಿಸ್ಕ್, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್. "ಇವನ್ನ ಹಾಕಿಬಿಟ್ರೆ ಮುಗೀತು ಕಣೋ" ಎಂದ.

"ಡಬ್ಬ ಆಮೇಲೆ ಬಿಚ್ಚು. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದೆ ಹೇಳು."

ಕೊಂಚ ಯೋಚಿಸಿ, "ಕೋವಿಡ್‌ಗೂ ಮೊದಲು" ಅಂದ.

ಅಲ್ಲೇ ಇತ್ತು ಕತೆ. ನಾವು ಆಯಿಲ್ ಎನ್ನುವುದು ಎಣ್ಣೆಯಲ್ಲ, ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಲೇ ಇರುವ ದ್ರವ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೂರಕ್ಕೆ ಮೂರೂಮುಕ್ಕಾಲು ಪಾಲು ನೀರು ಸೇರಿತೋ, 155 ಡಿಗ್ರಿಗೇ ಕುದಿದರೂ ನಿಯಮದ ಲೆಕ್ಕದಲ್ಲಿ ಅದು ಸರಿಯೇ. ಕುದಿದರೆ ಆವಿ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಕಾಲಿನ ಬಲವೆಲ್ಲ ಅದನ್ನು ಹಿಂಡುವುದಕ್ಕೇ ಖರ್ಚು. ತಣ್ಣಗಾದರೆ ಆವಿ ಮತ್ತೆ ದ್ರವ, ಪೆಡಲ್ ಮತ್ತೆ ಗಟ್ಟಿ. ಹ್ಯಾಂಡ್‌ಬ್ರೇಕ್ ಕೇಬಲ್ಲಿನದಾದ್ದರಿಂದ ನಾವು ಉಳಿದೆವು.

ಅಷ್ಟು ಶಾಖ ಎಲ್ಲಿಂದ ಎಂದು ಕೇಳಬೇಡಿ. ಒಳಗೆ ಕೂತ ಇಬ್ಬರೂ ಸೇರಿ ಕಾರಿನ ತೂಕ 1,100 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಒಂದೂಕಾಲು ಲೀಟರ್ ತಣ್ಣೀರು ಕುದಿ ಬರುತ್ತದೆ. ಮನೆಮಂದಿಗೆಲ್ಲ ಕಾಫಿ ಆಗುವಷ್ಟು.

ಎಂಜಿಬಿಯ ಮೂಲ ಬ್ರೇಕನ್ನು ನಾನು ಬೈಯಲಾರೆ. ಮುಂದೆ ಹತ್ತೂಮುಕ್ಕಾಲು ಇಂಚಿನ ಡಿಸ್ಕ್, ಹಿಂದೆ ಹತ್ತಿಂಚಿನ ಡ್ರಮ್, ಎರಡೂ ಲಾಕ್‌ಹೀಡ್‌ನವು. ಎಂಜಿನಿಯರ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ಜಗತ್ತು ಒಪ್ಪಿದ್ದು 1953ರಲ್ಲಿ, ಡನ್‌ಲಪ್ ಡಿಸ್ಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸ್ ರೇಸ್ ಗೆದ್ದ ಮೇಲೆ. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಡಿಸ್ಕಿಗೆ ಆ ರೋಗವಿಲ್ಲ, ಜೊತೆಗೆ ಬಯಲಲ್ಲೇ ತಿರುಗುವುದರಿಂದ ಬೇಗ ಆರುತ್ತದೆ. 1962ರಲ್ಲಿ ಎಂಜಿಬಿ ಬರುವಷ್ಟರಲ್ಲಿ ಇದು ಮಧ್ಯಮ ವರ್ಗದವರ ಸ್ಪೋರ್ಟ್ಸ್ ಕಾರಿಗೂ ಇಳಿದಿತ್ತು.

ಚಕ್ರ ಬಿಚ್ಚಿದೆವು. ಎಡ ಮುಂಭಾಗದ ರಬ್ಬರ್ ಹೋಸ್ ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿತ್ತು. ಇಂಥ ಹೋಸ್ ಪೆಡಲ್ ಒತ್ತಿದಾಗ ಆಯಿಲನ್ನು ಒಳಕ್ಕೆ ಬಿಡುತ್ತದೆ, ವಾಪಸು ಬಿಡುವುದಿಲ್ಲ; ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಉಜ್ಜುತ್ತಿರುತ್ತದೆ. ಇಂಥದ್ದಕ್ಕೆ ಕ್ಯಾಲಿಪರ್‌ ಬದಲಿಸಿ ದುಡ್ಡು ಸುರಿದವರನ್ನು ಬಲ್ಲೆ. ಹಿಂದಿನ ಒಂದು ವೀಲ್ ಸಿಲಿಂಡರ್ ಜಿನುಗಿ ಶೂ ನೆಂದಿತ್ತು. ಡ್ರಮ್ಮಿನೊಳಗಿನ ಧೂಳನ್ನು ಅವನು ಬಾಯಲ್ಲಿ ಊದಲು ಹೋದ, ತಡೆದೆ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶ ಸೇರಿದರೆ ಬಿಡುವುದಿಲ್ಲ. ವೈದ್ಯನಿಗೆ ಇದನ್ನು ನಾನು ಹೇಳಬೇಕಾಯಿತು! ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ಹೊಸ ಹೋಸ್, ಹೊಸ ವೀಲ್ ಸಿಲಿಂಡರ್, ಹೊಸ ಶೂ, ಹೊಸ ಪ್ಯಾಡ್, ಕ್ಯಾಲಿಪರ್‌ಗೆ ಸೀಲ್ ಕಿಟ್. ತುಕ್ಕು ಹಿಡಿದ ಉಕ್ಕಿನ ಪೈಪಿನ ಜಾಗಕ್ಕೆ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು. ಆಮೇಲೆ ಡಾಟ್ 4 ತುಂಬಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಏರ್ ತೆಗೆದೆವು. ಒಬ್ಬ ತುಳಿಯಬೇಕು, ಒಬ್ಬ ನಿಪ್ಪಲ್ ತಿರುಗಿಸಬೇಕು. ತಾಳ ತಪ್ಪಿದರೆ ಮತ್ತೆ ಮೊದಲಿನಿಂದ.

ಅಪ್‌ಗ್ರೇಡ್ ಬೇಡವೇ? ಬೇಕು, ಆದರೆ ಒಂದೇ. ಇವನ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕೂ ಹೋದವು. ಅಮೆರಿಕಕ್ಕೆ ಕಳಿಸುವ ಎಂಜಿಬಿಗಳಿಗೆ 1968ರ ಮಾದರಿಯಿಂದ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಬಂತು, ಬ್ರಿಟನ್ನಿನ ಗಿರಾಕಿಗಳು ಇನ್ನೂ ಹಲವು ವರ್ಷ ಕಾದರು. ಚಳಿಗಾಲದಲ್ಲಿ ಅದನ್ನೇ ಕೂರಿಸು ಎಂದಿದ್ದೇನೆ. ಇನ್ನು ಡಬ್ಬದಲ್ಲಿದ್ದ ದೊಡ್ಡ ಕ್ಯಾಲಿಪರ್‌ಗೆ ಹೆಚ್ಚು ಆಯಿಲ್ ಬೇಕು. ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡರೆ ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ತೂತಿನ ಡಿಸ್ಕ್ ಬರೀ ಶೋಕಿ. ತೂತಿನ ಅಂಚಿನಿಂದಲೇ ಬಿರುಕು ಹೊರಡುವುದು.

ಅವನು ಡಬ್ಬವನ್ನು ಮಾರಾಟಕ್ಕಿಟ್ಟಿದ್ದಾನೆ. ನಿಮ್ಮ ಕಾರು ಎಂಜಿಬಿ ಆಗಿರಲಿ, ಪದ್ಮಿನಿಯೇ ಆಗಿರಲಿ, ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷ ದಾಟಿದ್ದರೆ ಘಟ್ಟ ಇಳಿಯುವ ಮೊದಲು ಬದಲಿಸಿಕೊಳ್ಳಿ.